ಬಾಯಿಗೆ ಬಾರದ ಹೆಸರಿಗೆ ಮನಿಯಾರ್ಡರ್

ಊರಿಗೆ ದುಡ್ಡು ಕಳಿಸಬೇಕೆಂದರೆ ನಮ್ಮ ಕಡೆ ಮೊದಲು ಕೇಳುವ ಮಾತು ಒಂದೇ: ಆ ಕಡೆಗೆ ಯಾರು ಹೋಗುತ್ತಿದ್ದಾರೆ? ಬಸ್ಸಿನ ಡ್ರೈವರ್ ಆದರೂ ಸರಿ, ಸಂತೆಗೆ ಹೊರಟವರಾದರೂ ಸರಿ. ನೋಟು ಮಡಚಿ, ಕಾಗದದಲ್ಲಿ ಸುತ್ತಿ, ಅವರ ಕೈಗಿಡುತ್ತೇವೆ. ಆಮೇಲೆ ಅದು ತಲುಪುವವರೆಗೆ ಮನಸ್ಸು ಅದರ ಹಿಂದೆಯೇ ನಡೆಯುತ್ತಿರುತ್ತದೆ.

ಹಂಗಳದ ರಾಚಮ್ಮನ ಮನಸ್ಸೂ ಹೀಗೆ ನಡೆದು ದಣಿದಿತ್ತು. ತಂಗಿ ಭಾಗ್ಯ ಕಾಲು ಮುರಿದುಕೊಂಡದ್ದರಿಂದ ಅವಳನ್ನು ನೋಡಿಕೊಳ್ಳಲು ರಾಚಮ್ಮ ಕುದೇರಿಗೆ ಬಂದಿದ್ದಳು. ಬೆಳಿಗ್ಗೆ ತಂಗಿಯ ಆರೈಕೆ, ಮಧ್ಯಾಹ್ನ ಪಕ್ಕದ ಹೊಲದಲ್ಲಿ ಚೆಂಡುಹೂ ಬಿಡಿಸುವ ಕೂಲಿ. ಮೊದಲು ಸಿಕ್ಕ ಎಂಟುನೂರು ರೂಪಾಯಿಯನ್ನು ಭಾಗ್ಯಳ ಗಂಡ ಗುರುಮಲ್ಲಯ್ಯ, ತೆರಕಣಾಂಬಿಗೆ ಹೊರಟಿದ್ದ ಪರಿಚಯದವನ ಕೈಲಿ ಕಳಿಸಿದ್ದ. ಅವನು ಅದನ್ನು ಹಂಗಳದ ಇನ್ನೊಬ್ಬನಿಗೆ ಕೊಟ್ಟ. ಆ ಇನ್ನೊಬ್ಬನ ಮನೆಯಲ್ಲಿ ನಾಮಕರಣವಿತ್ತು. ಹಣ ಮನೆ ಸೇರಿದ್ದು ಒಂಬತ್ತು ದಿನಕ್ಕೆ, ಅದೂ ಏಳುನೂರಾಗಿ. ನೂರು ಎಲ್ಲಿ ಉಳಿಯಿತೆಂದು ಯಾರೂ ಕೇಳಲಿಲ್ಲ. ಎಲ್ಲರೂ ಬೇಕಾದವರೇ.

ಈ ಸಲ ಒಂಬತ್ತು ದಿನ ಕಾಯುವ ಹಾಗಿರಲಿಲ್ಲ. ಮಗಳು ಶೃತಿ ಬರಿಗಾಲಲ್ಲಿ ಓಡಿ ಇಡೀ ತಾಲ್ಲೂಕಿಗೆ ಮೊದಲು ಬಂದಿದ್ದಳು. ಇನ್ನು ಹನ್ನೆರಡು ದಿನಕ್ಕೆ ಚಾಮರಾಜನಗರದಲ್ಲಿ ಜಿಲ್ಲೆಯ ಓಟ. ಅಲ್ಲಿ ಬೂಟಿಲ್ಲದೆ ಓಡುವುದು ಕಷ್ಟ ಎಂದು ಶಾಲೆಯ ಮೇಷ್ಟರು ಹೇಳಿದ್ದರು. ಗುಂಡ್ಲುಪೇಟೆಯ ಅಂಗಡಿಯಲ್ಲಿ ಅವಳ ಅಳತೆಯ ಬೂಟು ನೋಡಿಯೂ ಆಗಿತ್ತು. ಬೂಟಿಗೆ, ಓಡಾಟಕ್ಕೆ ಸೇರಿ ಸಾವಿರದೈನೂರು ಬೇಕು. ಅಷ್ಟನ್ನು ರಾಚಮ್ಮ ಕೂಡಿಸಿಟ್ಟಿದ್ದಳು. ಆದರೆ ಕಳಿಸುವುದು ಹೇಗೆ? ಹಂಗಳದಲ್ಲಿ ಮಗಳ ಜೊತೆಗಿದ್ದ ಗಂಡನ ಹತ್ತಿರ ಗುಂಡಿ ಒತ್ತುವ ಹಳೇ ಫೋನು. ಅವನ ಬ್ಯಾಂಕು ಖಾತೆ ಎರಡು ವರ್ಷದಿಂದ ವಹಿವಾಟಿಲ್ಲದೆ ನಿಂತುಹೋಗಿತ್ತು.

"ಮನಿಯಾರ್ಡರ್ ಮಾಡ್ಬುಡಕ್ಕ" ಎಂದಳು ಸುಧಾಮಣಿ. ಅವಳು ಕುದೇರಿನ ಮಹಿಳಾ ಸಂಘದ ಲೆಕ್ಕ ಬರೆಯುವವಳು, ಭಾಗ್ಯಳ ಪಕ್ಕದ ಮನೆಯವಳು.

ಜಗಲಿಯ ಮೇಲಿದ್ದ ಗುರುಮಲ್ಲಯ್ಯ ನಕ್ಕ. "ಮನಿಯಾರ್ಡರ್ ಇನ್ನೂ ಅದ್ದಾ? ನಮ್ಮಪ್ಪನ ಕಾಲ್ದಲ್ಲೇ ಓಯ್ತು ಅನ್ಕಂಡಿದ್ದೆ."

"ಅದೂ ಅದೆ, ನಿಮ್ಮಪ್ಪನ ಕಾಲ್ದಿಂದ ನೀವೂ ಇದ್ದರಿ. ಈಗ ಕಂಪ್ಯೂಟ್ರಲ್ಲಿ ಓಯ್ತದೆ ಗುರುಮಲ್ಲಣ್ಣ, ಅಷ್ಟೇ."

ನೂರಕ್ಕೆ ಐದು ರೂಪಾಯಿ ಶುಲ್ಕ ಎಂದು ಕೇಳಿದಾಗ ಗುರುಮಲ್ಲಯ್ಯನ ನಗು ನಿಂತಿತು. ಎಪ್ಪತ್ತೈದು ರೂಪಾಯಿ ಸುಮ್ಮನೆ ದಂಡ ಎಂದ. ನಾಳೆ ಗುಂಡ್ಲುಪೇಟೆ ಬಸ್ಸಿನ ಡ್ರೈವರ್ ಕೈಲಿ ಕೊಟ್ಟರೆ ಒಂದು ಟೀ ಖರ್ಚು ಎಂದ. ಹೋದ ಸಲ ಆ ಟೀ ನೂರು ರೂಪಾಯಿಯಾಯಿತಲ್ಲ ಎಂದು ಒಳಗಿಂದ ಭಾಗ್ಯ ನೆನಪಿಸಿದಳು. ಬಸ್ಸು ಹೆಂಗಸರಿಗೆ ಪುಕ್ಕಟೆ, ಅತ್ತಿಗೆಯೇ ಹೋಗಿ ಬರಲಿ ಎಂದು ಅವನು ಇನ್ನೊಂದು ದಾರಿ ತೋರಿಸಿದ. ಹಾಗಾದರೆ ಆ ದಿನ ಭಾಗ್ಯಳನ್ನು ಎತ್ತಿ ಕೂರಿಸುವವರು ಯಾರು ಎಂದು ಸುಧಾಮಣಿ ಕೇಳಿದಳು. ಅವನು ಎದ್ದು ದನಕ್ಕೆ ನೀರಿಡಲು ಹೋದ.

ಸೋಮವಾರ ರಾಚಮ್ಮ ಒಬ್ಬಳೇ ಅಂಚೆ ಕಚೇರಿಗೆ ಹೋದಳು. ಕೌಂಟರಿನಲ್ಲಿದ್ದ ಹೆಣ್ಣುಮಗಳು ಒಂದು ಫಾರಂ ಕೊಟ್ಟಳು. ರಾಚಮ್ಮನಿಗೆ ಬರೆಯಲು ಬಾರದು. ಅಲ್ಲೇ ಇದ್ದ ಹಿರಿಯರೊಬ್ಬರು ಕನ್ನಡಕ ಏರಿಸಿ, ತಾವೇ ಬರೆದುಕೊಡುವುದಾಗಿ ಹೇಳಿದರು. ಯಾರಿಗೆ ಎಂದು ಕೇಳಿದರು. ನಮ್ಮನೆಯವರಿಗೆ ಎಂದಳು. ಊರು, ಬೀದಿ ಎಲ್ಲವನ್ನೂ ಹೇಳಿದಳು.

"ಹೆಸರು?"

ರಾಚಮ್ಮ ಸುಮ್ಮನೆ ನಿಂತಳು. ಮದುವೆಯಾಗಿ ಇಪ್ಪತ್ತೊಂದು ವರ್ಷ. ಗಂಡನ ಹೆಸರನ್ನು ಅವಳು ಒಂದು ಸಲವೂ ಬಾಯಿಬಿಟ್ಟು ಹೇಳಿರಲಿಲ್ಲ. ಅವಳ ತಾಯಿ ಹೇಳಿರಲಿಲ್ಲ, ಅತ್ತೆಯೂ ಹೇಳಿರಲಿಲ್ಲ. ಬೇಕಾದಾಗ ಪಕ್ಕದವರು ಹೇಳುತ್ತಿದ್ದರು. ಇವತ್ತು ಪಕ್ಕದಲ್ಲಿ ಯಾರೂ ಇರಲಿಲ್ಲ.

"ಬೆಟ್ಟದ ಸ್ವಾಮಿ ಹೆಸ್ರು" ಎಂದಳು ಕೊನೆಗೆ.

"ಮಾದಪ್ಪನ ಹೆಸರೋ" ಎಂದು ಹಿರಿಯರು ಮಹದೇವಸ್ವಾಮಿ ಎಂದು ಬರೆದು, ಓದಿ ಹೇಳಿದರು. ಅದಲ್ಲವೆಂದು ರಾಚಮ್ಮನಿಗೆ ಗೊತ್ತಿತ್ತು. ಆದರೆ ಅಲ್ಲವೆಂದರೆ ಯಾವುದೆಂದು ಹೇಳಬೇಕಲ್ಲ. ಬೀದಿ ಸರಿಯಿದೆ, ಪೋಸ್ಟಿನವನು ಊರಿನವನೇ, ಹೇಗೋ ತಲುಪುತ್ತದೆ ಎಂದುಕೊಂಡು ತಲೆಯಾಡಿಸಿದಳು. ರಸೀದಿಯನ್ನು ಭದ್ರವಾಗಿ ಸೆರಗಿಗೆ ಕಟ್ಟಿಕೊಂಡಳು.

ಗುರುವಾರ ಭಾಗ್ಯಳ ಫೋನಿಗೆ ಕರೆ ಬಂತು.

"ಅಮ್ಮಿ, ಮಹದೇವಸ್ವಾಮಿ ಅಂದ್ರೆ ಯಾರು?" ಎಂದು ಹಂಗಳದಿಂದ ರಾಚಮ್ಮನ ಗಂಡ ಕೇಳಿದ. "ನಿನ್ ಗಂಡ ಅವ್ನಾ, ನಾನಾ?"

ಪೋಸ್ಟಿನವನು ಹಣ ತಂದಿದ್ದನಂತೆ. ಆಧಾರ್ ಕಾರ್ಡು ನೋಡಿದರೆ ಹೆಸರೇ ಬೇರೆ. "ನೀವು ಯಾರು ಅಂತ ನನಗೆ ಗೊತ್ತು, ಕಾಗದಕ್ಕೆ ಗೊತ್ತಿಲ್ಲವಲ್ಲ" ಎಂದು ಹೇಳಿ, ಹಣವನ್ನು ವಾಪಸು ಕಚೇರಿಗೆ ಒಯ್ದನಂತೆ. ಕೆಲವು ದಿನ ಇಟ್ಟುಕೊಂಡಿರುತ್ತಾರೆ, ಸರಿಯಾಗದಿದ್ದರೆ ಕಳಿಸಿದವರಿಗೇ ಹಿಂದಕ್ಕೆ ಹೋಗುತ್ತದೆ. ಮಾತು ಮುಗಿದ ಮೇಲೂ ರಾಚಮ್ಮ ಫೋನನ್ನು ಕಿವಿಯಿಂದ ತೆಗೆಯಲಿಲ್ಲ. ಆ ಕಡೆ ಶೃತಿ ಅಪ್ಪನನ್ನು ಏನಾಯಿತೆಂದು ಕೇಳುತ್ತಿದ್ದುದು ಸಣ್ಣಗೆ ಕೇಳಿಸಿತು.

ತಾನು ಹೇಳಿರಲಿಲ್ಲವೇ ಎಂದು ಗುರುಮಲ್ಲಯ್ಯ ಅಂದು ಊಟದವರೆಗೂ ಹೇಳುತ್ತಲೇ ಇದ್ದ. ವಿಷಯ ತಿಳಿದು ಸುಧಾಮಣಿ ಬಂದಳು. ರಸೀದಿ ಇದೆಯೇ ಎಂದಷ್ಟೇ ರಾಚಮ್ಮನನ್ನು ಕೇಳಿದಳು. ಸೆರಗಿನ ಗಂಟು ಬಿಚ್ಚಿತು.

"ಇದೊಂದಿದ್ರೆ ದುಡ್ಡು ಎಲ್ಲೂ ಓಗಕಿಲ್ಲ ಕಣಕ್ಕ. ಎಲ್ಲದೆ ಅಂತ ಹುಡುಕ್ಬೋದು, ತಪ್ಪಾಗಿದ್ರೆ ಸರಿ ಮಾಡ್ಸ್ಬೋದು. ಡ್ರೈವರ್ ಕೈಲಿ ಕೊಟ್ಟಿದ್ರೆ ಯಾರ್ನ ಕೇಳ್ತಿದ್ದೆ?"

ಶುಕ್ರವಾರ ಇಬ್ಬರೂ ಕೂಡಿ ಹೋದರು. ಕೌಂಟರಿನ ಹೆಣ್ಣುಮಗಳು ರಸೀದಿ ನೋಡಿ, ಹೆಸರು ತಿದ್ದಿಸಲು ಒಂದು ಅರ್ಜಿ ಬೇಕು, ಅದಕ್ಕೆ ಇಷ್ಟು ಶುಲ್ಕ ಎಂದು ತಿಳಿಸಿದಳು. ಸುಧಾಮಣಿ ಅರ್ಜಿ ಬರೆಯತೊಡಗಿದಳು. ಹೆಸರಿನ ಜಾಗಕ್ಕೆ ಬಂದು ಪೆನ್ನು ಎತ್ತಿ ಹಿಡಿದಳು. ಅವಳಿಗೆ ಆ ಹೆಸರು ಗೊತ್ತಿರಲಿಲ್ಲ. ಅವಳ ಪಾಲಿಗೆ ಅವರು ಯಾವಾಗಲೂ ಶೃತಿಯ ಅಪ್ಪ.

"ಆಧಾರಲ್ಲಿ ಎಂಗದೆಯೋ ಅಂಗೇ ಏಳಕ್ಕ."

ಫ್ಯಾನು ತಿರುಗುತ್ತಿತ್ತು. ಹಿಂದಿದ್ದ ಇಬ್ಬರು ಕಾಯುತ್ತಿದ್ದರು. ರಾಚಮ್ಮ ನೆಲ ನೋಡಿದಳು, ಗೋಡೆ ನೋಡಿದಳು. ಸುಮ್ಮನಿದ್ದುದರಿಂದ ಗಂಡನ ಮರ್ಯಾದೆ ಉಳಿಯುತ್ತದೆ ಎಂದುಕೊಂಡಿದ್ದಳು ಇಷ್ಟು ದಿನ. ಅದೇ ಮೌನ ಈಗ ಮಗಳ ಕಾಲಿನ ಬೂಟನ್ನು ತಡೆದು ನಿಲ್ಲಿಸಿತ್ತು.

"ಚಿಕ್ಕಮಾದಯ್ಯ" ಎಂದಳು.

ಕೌಂಟರಿನವಳಿಗೆ ಕೇಳಿಸಲಿಲ್ಲ. ಇನ್ನೊಂದು ಸಲ ಹೇಳಬೇಕಾಯಿತು. ಎರಡನೆಯ ಸಲ ಅಷ್ಟು ಕಷ್ಟವಾಗಲಿಲ್ಲ. ಮೂರನೆಯ ಸಲ ಯಾರೂ ಕೇಳದಿದ್ದರೂ ಅವಳೇ ಹೇಳಿದಳು, ಸರಿಯಾಗಿ ಬರೆದಿದ್ದಾರೋ ಇಲ್ಲವೋ ಎಂದು. ಚಿಕ್ಕಮಾದಯ್ಯನ ತಂದೆಯ ಹೆಸರು, ಬೀದಿ, ಪಿನ್ ಕೋಡ್, ಫೋನ್ ನಂಬರು ಎಲ್ಲವನ್ನೂ ಸುಧಾಮಣಿ ಸೇರಿಸಿ ಬರೆದು, ಮೊದಲಿನಿಂದ ಓದಿ ಕೇಳಿಸಿದಳು.

ಮಂಗಳವಾರ ಪೋಸ್ಟಿನವನು ಹಂಗಳದ ಮನೆಗೆ ಮತ್ತೆ ಬಂದ. ಚಿಕ್ಕಮಾದಯ್ಯ ಹೆಬ್ಬೆಟ್ಟು ಒತ್ತಿದ. ಎದುರು ಮನೆಯ ಶಿವಮಲ್ಲು ಸಾಕ್ಷಿ ಸಹಿ ಹಾಕಿದ. ಎಣಿಸಿ ನೋಡಿದರೆ ಸಾವಿರದೈನೂರು, ಒಂದು ರೂಪಾಯಿಯೂ ಕಮ್ಮಿಯಿಲ್ಲ. ಚಿಕ್ಕಮಾದಯ್ಯ ಇಪ್ಪತ್ತು ರೂಪಾಯಿ ಕೊಡಲು ಹೋದಾಗ ಪೋಸ್ಟಿನವನು ತೆಗೆದುಕೊಳ್ಳಲಿಲ್ಲ. ಮನೆಗೆ ತಂದುಕೊಡುವ ಖರ್ಚೂ ಕಳಿಸಿದವರು ಕೊಟ್ಟ ಶುಲ್ಕದಲ್ಲೇ ಸೇರಿದೆ ಎಂದ.

ಅಂದು ಸಂಜೆ ಫೋನಿನಲ್ಲಿ ಚಿಕ್ಕಮಾದಯ್ಯ ದುಡ್ಡಿನ ವಿಷಯವನ್ನೆಲ್ಲ ಹೇಳಿ ಮುಗಿಸಿದ. ಆಮೇಲೆ, ಭಾಗ್ಯ ಮೊದಲೇ ತಿಳಿಸಿದ್ದ ಮಾತನ್ನು ಎತ್ತಿದ.

"ನೀನೇ ಏಳ್ದಂತೆ ನನ್ ಹೆಸ್ರಾ?"

"ಊಂ."

"ಎಲ್ಲಿ, ನಂಗೂ ಒಂದ್ಸಲ ಏಳು."

ಭಾಗ್ಯ ದಿಂಬಿನಲ್ಲಿ ಮುಖ ಮುಚ್ಚಿ ನಗುತ್ತಿದ್ದಳು. ರಾಚಮ್ಮ ಅಂಗಳಕ್ಕೆ ಹೋಗಿ ಹೇಳಿದಳು.

ಜಿಲ್ಲೆಯ ಓಟದಲ್ಲಿ ಶೃತಿ ಮೂರನೆಯವಳಾದಳು. ಹೊಸ ಬೂಟು ಹಿಮ್ಮಡಿ ಕಚ್ಚಿ ಗುಳ್ಳೆ ಎದ್ದಿತ್ತು, ಮುಂದಿನ ಸಲ ನೋಡಿ ಎಂದಳು. ಅದಾದ ವಾರಕ್ಕೆ ಗುರುಮಲ್ಲಯ್ಯ, ತೆರಕಣಾಂಬಿಯಲ್ಲಿರುವ ತನ್ನ ಅಕ್ಕ ದೊಡ್ಡಮಲ್ಲಮ್ಮನಿಗೆ ಗೌರಿ ಹಬ್ಬದ ಸೀರೆಗೆ ದುಡ್ಡು ಕಳಿಸಬೇಕೆಂದು ಎದ್ದು ನಿಂತ. ಯಾವ ಡ್ರೈವರ್ ಕೈಲಿ ಕಳಿಸುತ್ತೀರಿ ಎಂದು ಭಾಗ್ಯ ಕೇಳಿದಳು. ಅವನು ಅಕ್ಕನ ಆಧಾರಿನ ನಕಲು ಎಲ್ಲಿದೆ ಎಂದು ಪೆಟ್ಟಿಗೆಯಲ್ಲಿ ಹುಡುಕತೊಡಗಿದ.

ಓದುತ್ತಿರುವ, ಕೇಳುತ್ತಿರುವ ಅಕ್ಕಂದಿರೆ, ಅಣ್ಣಂದಿರೆ, ನೀವು ದುಡಿದ ಹಣ ನಾಲ್ಕು ಕೈ ದಾಟಿ ಸವೆಯುವುದು ಬೇಡ. ಹತ್ತಿರದ ಅಂಚೆ ಕಚೇರಿಗೆ ಹೋಗಿ, ಶುಲ್ಕ ಎಷ್ಟೆಂದು ಮೊದಲು ಕೇಳಿ. ಪಡೆಯುವವರ ಹೆಸರನ್ನು ಅವರ ಗುರುತಿನ ಚೀಟಿಯಲ್ಲಿ ಇದ್ದ ಹಾಗೆಯೇ ಬರೆಸಿ, ಓದಿಸಿ ಕೇಳಿ. ತಪ್ಪಿದ್ದರೆ ಅಲ್ಲೇ ತಪ್ಪು ಎನ್ನಿ, ಸಂಕೋಚಕ್ಕೆ ತಲೆಯಾಡಿಸಬೇಡಿ. ಹೆಸರು ಹೇಳಲು ನಾಲಿಗೆ ಏಳದಿದ್ದರೆ ಚೀಟಿಯ ನಕಲನ್ನು ಮುಂದಿಡಿ, ಅದೂ ಆಗುತ್ತದೆ. ಹಣ ಮನೆಗೆ ಮುಟ್ಟಿತೆಂದು ತಿಳಿಯುವವರೆಗೆ ರಸೀದಿ ಜೋಪಾನ. ಪಡೆಯುವವರು ಎಣಿಸಿಕೊಂಡೇ ಸಹಿ ಹಾಕಲಿ, ಹೆಬ್ಬೆಟ್ಟು ಒತ್ತುವವರು ಗೊತ್ತಿರುವ ಒಬ್ಬರನ್ನು ಸಾಕ್ಷಿಗೆ ಕರೆಯಲಿ. ನಿಮ್ಮ ಮನೆಯಲ್ಲೂ ಈ ಹೊತ್ತು ಯಾರೋ ನಿಮ್ಮ ಹಣಕ್ಕಾಗಿ ಕಾಯುತ್ತಿರಬಹುದು. ನಾಳೆಯೇ ಹೋಗಿ, ಅವರ ಹೆಸರನ್ನು ಗಟ್ಟಿಯಾಗಿ ಹೇಳಿ.