ಹಾಲ್ಟರ್ ಸರೋವರದ ಬೆಂಚು

ಮಗಳು ಆಗ್ನೆಸ್‌ಗೆ ಆರು ವರ್ಷವಿದ್ದಾಗ ನಾನು ಅವಳಿಗೊಂದು ಮಾತು ಕೊಟ್ಟಿದ್ದೆ. ಅವಳು ಈಜು ಕಲಿತ ಕೂಡಲೇ ಇಬ್ಬರೂ ಹಾಲ್ಟರ್ ಸರೋವರಕ್ಕೆ ಹೋಗುವುದು, ಒಟ್ಟಿಗೆ ಮುಳುಗಿ ತಳದಲ್ಲಿರುವ ಬೆಂಚನ್ನು ಮುಟ್ಟಿ ಬರುವುದು.

ಆ ಬೆಂಚನ್ನು ನಾನು ಕಣ್ಣಾರೆ ಕಂಡಿದ್ದೆ. ಚಿಕ್ಕವಳಿದ್ದಾಗ ಒಂದು ಜೂನ್ ತಿಂಗಳಲ್ಲಿ ಅಪ್ಪ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಅಲ್ಲಿಗೆ ಹೋಗಿದ್ದ. ನೀರು ಇದೆಯೋ ಇಲ್ಲವೋ ಅನ್ನುವಷ್ಟು ತಿಳಿಯಾಗಿತ್ತು. ತಳದಲ್ಲಿ ಹುಲ್ಲು, ಹುಲ್ಲಿನ ನಡುವೆ ಒಂದು ಮರದ ಬೆಂಚು. ಅದರ ಒರಗುಹಲಗೆಯ ಸಂದಿನಿಂದ ಮೀನೊಂದು ತೂರಿಹೋಯಿತು. "ಅಲ್ಲಿ ಯಾರು ಕೂರ್ತಾರಪ್ಪಾ?" ಎಂದು ಕೇಳಿದ್ದೆ. "ಮೀನುಗಳ ಅಜ್ಜಿ" ಅಂದಿದ್ದ ಅಪ್ಪ.

ಆಗ್ನೆಸ್ ಮರುವರ್ಷವೇ ಈಜು ಕಲಿತಳು. ನನಗೆ ಬಿಡುವಾಗಲಿಲ್ಲ. ನಾನು ಕೆಲಸ ಮಾಡುವುದೂ ಒಂದು ಸರೋವರದ ದಡದಲ್ಲೇ, ಅತಿಥಿಗಳು ತುಂಬಿ ತುಳುಕುವ ಒಂದು ವಸತಿಗೃಹದಲ್ಲಿ. ಈಸ್ಟರ್‌ಗೆ ಬಾಗಿಲು ತೆರೆದರೆ ಮುಚ್ಚುವುದು ಸೆಪ್ಟೆಂಬರ್ ಕೊನೆಗೆ. ಬೆಳಗಿನ ತಿಂಡಿ, ಹಾಸಿಗೆ, ಆಮೇಲೆ ಟವೆಲ್ಲುಗಳು. ಜನ ಈಜಿ ಬಂದ ನೀರೆಲ್ಲ ನನ್ನ ಕೈಗೆ ಸಿಗುತ್ತಿದ್ದುದು ಟವೆಲ್ಲಿನ ಒದ್ದೆಯಾಗಿ. ರಜೆ ಸಿಗುವ ಹೊತ್ತಿಗೆ ಚಳಿ ಬಂದಿರುತ್ತಿತ್ತು, ಇಲ್ಲವೇ ನನ್ನ ಸೊಂಟ ಹಿಡಿದಿರುತ್ತಿತ್ತು. "ಮುಂದಿನ ವರ್ಷ ಖಂಡಿತ" ಅನ್ನುತ್ತಿದ್ದೆ. ಅವಳು ಮೊದಮೊದಲು ಅಳುತ್ತಿದ್ದಳು, ಆಮೇಲೆ ರೇಗುತ್ತಿದ್ದಳು.

ಕೊನೆಗೆ ಅವಳ ಶಾಲೆಯೇ ಮುಗಿಯಿತು. ಅಕ್ಟೋಬರಿನ ಒಂದು ಸೋಮವಾರ ದೂರದ ಟಿರೋಲ್ ಪ್ರಾಂತ್ಯದ ಒಂದು ಹೋಟೆಲಿಗೆ ಅಡುಗೆ ಕಲಿಯಲು ಹೊರಡುವವಳಿದ್ದಳು. ಪೆಟ್ಟಿಗೆಗೆ ಬಟ್ಟೆ ತುಂಬುತ್ತಾ, "ನಿನ್ನ ಬೆಂಚು ಅಲ್ಲೇ ಉಳೀತು ಬಿಡಮ್ಮಾ" ಅಂದಳು. ಸಿಟ್ಟಿರಲಿಲ್ಲ. ಮುಚ್ಚಿಹೋದ ಯಾವುದೋ ಅಂಗಡಿಯ ಬಗ್ಗೆ ಹೇಳುವಂತೆ ಹೇಳಿದಳು. ಅದು ನನಗೆ ತಡೆಯಲಾಗಲಿಲ್ಲ. ಅವಳು ಮನೆ ಬಿಡುವ ಮುಂಚೆ ಈ ಒಂದು ಮಾತನ್ನಾದರೂ ಉಳಿಸಿಕೊಳ್ಳಬೇಕು ಅನ್ನಿಸಿತು.

"ಈಜುಬಟ್ಟೆ ಹೊರಗಿಡು. ಶನಿವಾರ ಹೋಗೋಣ."

"ಈ ಚಳೀಲಾ? ಹೆಪ್ಪುಗಟ್ಟಿಹೋಗ್ತೀವಿ!"

"ಕಟ್ಟಿದ್ರೆ ಕಟ್ಟಲಿ."

ಬಸ್ಸು ನಮ್ಮನ್ನು ಕೊನೆಯ ನಿಲ್ದಾಣದಲ್ಲಿ ಇಳಿಸಿತು. ಹಳದಿ ಕೈಕಂಬದ ಮೇಲೆ "ಹಾಲ್ಟರ್ ಸರೋವರ, ಅರ್ಧ ಗಂಟೆ" ಎಂದಿತ್ತು. ದಾರಿಯನ್ನು ಯಾರನ್ನೂ ಕೇಳಲಿಲ್ಲ. ಯಾವ ಸರೋವರಕ್ಕೆ ಹೇಗೆ ಹೋಗಬೇಕು, ಯಾವುದರ ನೀರು ಬೆಚ್ಚಗಿದೆ ಎಂದು ಬೇಸಿಗೆಯಿಡೀ ಅತಿಥಿಗಳಿಗೆ ಹೇಳುವವಳು ನಾನೇ. ಕೇಳುವುದು ನನಗೆ ಹೊಳೆಯಲೇ ಇಲ್ಲ.

ಕಾಡು ದಾಟಿದ ಮೇಲೆ ಒಂದು ಹುಲ್ಲುಗಾವಲು ಸಿಕ್ಕಿತು. ಬೋಗುಣಿಯಂತೆ ತಗ್ಗಾಗಿತ್ತು. ಕೈಕಂಬ ಅದರ ಕಡೆಗೇ ಬೆರಳು ಮಾಡಿತ್ತು. ನಾವು ಇಳಿದೆವು. ನಡುವೆ ಒಂದು ಮರದ ಸೇತುವೆ, ಕೆಳಗೆ ಹಳ್ಳವೇ ಇಲ್ಲ. ಸೇತುವೆ ದಾಟಿ ಎದುರಿನ ದಿಬ್ಬ ಹತ್ತಿದರೆ ಅಲ್ಲೂ ಒಂದು ಕೈಕಂಬ: "ಹಾಲ್ಟರ್ ಸರೋವರ". ಅದರ ಬೆರಳು ನಾವು ಬಂದ ದಿಕ್ಕಿಗೇ ಇತ್ತು.

"ದಾಟಿಬಂದ್ವಾ?" ಅಂದಳು ಆಗ್ನೆಸ್.

"ಸರೋವರಾನ ಹೇಗೆ ದಾಟಿಬರ್ತೀಯೇ? ಕಾಲು ನೆನೀಬೇಕಲ್ಲ."

ಮತ್ತೆ ಇಳಿದೆವು. ಎಡಕ್ಕೆ ಹೋದೆವು, ಬಂಡೆ ಎದುರಾಯಿತು. ಬಲಕ್ಕೆ ಹೋದೆವು, ಅಲ್ಲೂ ಒಂದು ಕೈಕಂಬ, ಅದೂ ಹುಲ್ಲುಗಾವಲನ್ನೇ ತೋರಿಸುತ್ತಿತ್ತು. ಆಗ್ನೆಸ್ ಫೋನಿನಲ್ಲಿ ನಕ್ಷೆ ತೆರೆದಳು. ಹಸಿರಿನ ನಡುವೆ ಒಂದು ನೀಲಿ ಮಚ್ಚೆ, ಆ ನೀಲಿಯ ನಟ್ಟನಡುವೆ ನಾವು.

"ಅಮ್ಮಾ, ಇದರ ಪ್ರಕಾರ ನಾವಾಗಲೇ ಮುಳುಗಿ ಸತ್ತಿದ್ದೀವಿ."

"ಆ ಫೋನನ್ನ ಮೂರು ಸಲ ಬೀಳಿಸಿದ್ದೀಯ. ಅದಕ್ಕೆಲ್ಲಿ ಬುದ್ಧಿ ಇದೆ?"

ಮೇಲೆ ಹಾಗೆ ಅಂದರೂ ನನಗೆ ಒಳಗೊಳಗೇ ದಿಗಿಲಾಗತೊಡಗಿತು. ನೆನಪಿನಲ್ಲಿದ್ದ ಬೂದು ಬಂಡೆ ಕಣ್ಣೆದುರೇ ಇತ್ತು. ಅದರ ಮೇಲಿನ ಪೈನ್ ಮರಗಳೂ ಇದ್ದವು. ನೀರೊಂದೇ ಇರಲಿಲ್ಲ. ಅಪ್ಪ ನನ್ನನ್ನು ಕರೆದುಕೊಂಡು ಹೋದದ್ದು ಇಲ್ಲಿಗೋ, ಬೇರೆಲ್ಲಿಗೋ? ಅಥವಾ ಎಲ್ಲಿಗೂ ಹೋಗಿರಲೇ ಇಲ್ಲವೋ? ಜ್ವರ ಬಂದಾಗ ಮಗು ಕಂಡ ಕನಸನ್ನು ನಾನು ಇಷ್ಟು ವರ್ಷ ಮಗಳಿಗೆ ನಿಜವೆಂದು ಹೇಳುತ್ತಾ ಬಂದೆನೇ? ಕೇಳೋಣವೆಂದರೆ ಅಪ್ಪ ತೀರಿಕೊಂಡಿದ್ದಾನೆ.

ಹುಲ್ಲುಗಾವಲಿನ ಒಂದು ಬದಿಗೆ ಬೆಂಚು ಕಂಡಿತು. ಕಾಲು ಸೋತಿತ್ತು, ಕೂತೆವು. ಬ್ರೆಡ್ಡಿಗೆ ಕುಂಬಳಬೀಜದ ಎಣ್ಣೆ ಕಲಸಿದ ಮೆತ್ತನೆಯ ಚೀಸ್ ಹಚ್ಚಿಕೊಟ್ಟೆ. ಇಬ್ಬರೂ ಬಟ್ಟೆಯೊಳಗೆ ಈಜುಬಟ್ಟೆ ಹಾಕಿಕೊಂಡೇ ಬಂದಿದ್ದೆವು. ಅದು ಸೊಂಟದಲ್ಲಿ ಕಚ್ಚುತ್ತಿತ್ತು.

"ನಿಜ ಹೇಳು," ಬಾಯಲ್ಲಿ ಬ್ರೆಡ್ಡಿಟ್ಟುಕೊಂಡೇ ಕೇಳಿದಳು ಆಗ್ನೆಸ್. "ನಾನು ಈಜು ಕಲೀಲಿ ಅಂತ ಕಟ್ಟಿದ ಕತೆ ತಾನೇ ಅದು?"

"ಕತೆಯಲ್ಲ ಕಣೇ. ಮೀನು ನೋಡಿದೀನಿ ನಾನು."

"ಮೀನುಗಳ ಅಜ್ಜಿ?"

"ಅವಳನ್ನ ನೋಡಿಲ್ಲ."

ನಕ್ಕಳು. ನನಗೆ ನಗು ಬರಲಿಲ್ಲ.

ಅಷ್ಟರಲ್ಲಿ ಕಾಡಿನಂಚಿನಿಂದ ವಯಸ್ಸಾದ ಹೆಂಗಸೊಬ್ಬಳು ಇಳಿದು ಬಂದಳು. ಕೈಯಲ್ಲಿ ಅಣಬೆಯ ಬುಟ್ಟಿ, ಹಿಂದೆ ಒಂದು ಗಿಡ್ಡ ನಾಯಿ. ಬೆಟ್ಟ ಹತ್ತಿದ ಮೇಲೆ ನಮ್ಮಲ್ಲಿ ಯಾರೂ ಯಾರಿಗೂ ಬಹುವಚನ ಹಚ್ಚುವುದಿಲ್ಲ, ಹಾಗಾಗಿ ನೇರವಾಗಿಯೇ ಕೇಳಿದೆ.

"ಹಾಲ್ಟರ್ ಸರೋವರ ಎಲ್ಲಿದೆ, ಹೇಳ್ತೀಯಾ? ಆಗಿನಿಂದ ಸುತ್ತುತ್ತಾ ಇದ್ದೀವಿ."

ಅವಳು ನನ್ನನ್ನು ನೋಡಿದಳು, ಆಗ್ನೆಸ್‌ಳನ್ನು ನೋಡಿದಳು, ಬ್ರೆಡ್ಡನ್ನು ನೋಡಿದಳು.

"ಅದರೊಳಗೇ ಕೂತು ಊಟ ಮಾಡ್ತಾ ಇದ್ದೀರಲ್ರೇ!"

"ಏನಂದೆ?"

"ಇದೇ ಕಣಮ್ಮಾ ಸರೋವರ. ಮೇಲಿನ ಹಿಮ ಕರಗಿದಾಗ ತುಂಬುತ್ತೆ. ಮೇ, ಜೂನ್, ಹೆಚ್ಚಂದ್ರೆ ಜುಲೈ. ಆಮೇಲೆ ನೆಲ ಕುಡಿದುಬಿಡುತ್ತೆ. ಈಗ ಇಲ್ಲಿ ನನ್ನ ತಮ್ಮನ ಹಸು ಮೇಯ್ತವೆ." ಬುಟ್ಟಿಯನ್ನು ಈ ಕೈಯಿಂದ ಆ ಕೈಗೆ ಬದಲಿಸಿದಳು. "ನೀನು ಯಾವ ಕಡೆಯವಳು? ವಿಯೆನ್ನಾನಾ?"

ವಿಯೆನ್ನಾ ಅಂದರೆ ನಮ್ಮ ಕಡೆ ಏನೂ ತಿಳಿಯದವರ ಊರು. "ಇಲ್ಲೇ ಸ್ಟೀರಿಯಾದವಳೇ," ಅಂದೆ. ಅವಳು ಬೆಟ್ಟದ ಬುಡದ ಮರಗಳತ್ತ ಕೈ ತೋರಿಸಿದಳು. ಎಲ್ಲ ಕಾಂಡಗಳ ಮೇಲೂ ನಮ್ಮ ತಲೆಗಿಂತ ಬಹಳ ಎತ್ತರದಲ್ಲಿ ಒಂದೇ ಮಟ್ಟಕ್ಕೆ ಒಣಗಿದ ಬಿಳಿಚು ಗೆರೆಯಿತ್ತು.

"ನೀರು ಅಲ್ಲೀತನಕ," ಅಂದಳು. ನಾಯಿಯನ್ನು ಕರೆದುಕೊಂಡು ಸೇತುವೆಯ ಮೇಲೆ ಹೋದಳು. ಹಳ್ಳವಿಲ್ಲದಿದ್ದರೂ ಸೇತುವೆಯ ಮೇಲೆಯೇ ಹೋದಳು.

ಆಗ್ನೆಸ್ ಮೆಲ್ಲನೆ ಎದ್ದು ನಾವು ಕೂತಿದ್ದ ಬೆಂಚನ್ನು ನೋಡಿದಳು. ಕಾಲುಗಳಿಗೆ ಒಣಗಿದ ಪಾಚಿ ಅಂಟಿತ್ತು. ಒರಗುಹಲಗೆಯ ನಡುವೆ ಒಂದು ಸಂದು, ಮೀನು ತೂರುವಷ್ಟು.

"ಅಮ್ಮಾ. ಇದೇನಾ?"

"ಇದೇ ಇರಬೇಕು," ಅಂದೆ. ಇದೇ ಎಂದು ಗೊತ್ತಿತ್ತು. ಅಂದು ಮೇಲಿನಿಂದ ನೋಡಿದ್ದೆ, ಇಂದು ಅದರ ಮೇಲೆ ಕೂತಿದ್ದೆ, ಅದಕ್ಕೇ ಗುರುತು ಸಿಕ್ಕಿರಲಿಲ್ಲ. ಸುಳ್ಳು ಹೇಳಿರಲಿಲ್ಲ ಎಂದು ಹಗುರವಾಗಬೇಕೋ, ತಡವಾಯಿತೆಂದು ಅಳಬೇಕೋ ತಿಳಿಯಲಿಲ್ಲ. ಕೈಯಲ್ಲಿದ್ದ ಬ್ರೆಡ್ಡನ್ನು ಸುಮ್ಮನೆ ಡಬ್ಬಿಗೆ ಹಾಕಿದೆ, ಮತ್ತೆ ಹೊರತೆಗೆದೆ.

ಆಗ್ನೆಸ್ ಜಾಕೀಟು ಬಿಚ್ಚಿ ಎಸೆದಳು. ಹುಲ್ಲಿನ ಮೇಲೆ ಬೋರಲು ಮಲಗಿ, ಕೈಕಾಲು ಬಡಿಯುತ್ತಾ, ಕಪ್ಪೆಯಂತೆ ತೆವಳುತ್ತಾ ಬಂದು ಬೆಂಚಿನ ಕಾಲನ್ನು ಹಿಡಿದುಕೊಂಡಳು.

"ಮುಟ್ಟಿದೆ! ಇನ್ನು ನೀನು ಬಾ."

"ಹಸು ಸಗಣಿ ಹಾಕಿರುತ್ತೆ, ಏಳೇ."

"ಬಾರಮ್ಮಾ!"

ಸೊಂಟ ಹಿಡಿದುಕೊಂಡು ಮಲಗಿದೆ. ಹುಲ್ಲು ತಣ್ಣಗಿತ್ತು. ಕೈ ಚಾಚಿ ನಾನೂ ಮುಟ್ಟಿದೆ. ಇಬ್ಬರೂ ಹಾಗೇ ಅಂಗಾತ ಹೊರಳಿ ಬಿಳಿಚು ಗೆರೆಯ ಮೇಲಿನ ಆಕಾಶವನ್ನು ನೋಡಿದೆವು. ನೀರಿದ್ದಿದ್ದರೆ ಎಷ್ಟು ಮೇಲಕ್ಕೆ ಈಜಬೇಕಾಗುತ್ತಿತ್ತೋ.

"ಇದು ಲೆಕ್ಕಕ್ಕೆ ಬರುತ್ತಾ?" ಕೇಳಿದಳು.

ಹೂಂ ಅಂದುಬಿಟ್ಟರೆ ಮುಗಿಯುತ್ತಿತ್ತು. ಅವಳು ಅದಕ್ಕೇ ಕಾಯುತ್ತಿದ್ದಳೇನೋ.

"ಇಲ್ಲ," ಅಂದೆ.

"ಟಿರೋಲಿನಲ್ಲಿ ಮೇ ತಿಂಗಳು ಹೋಟೆಲ್ ಮುಚ್ಚಿರುತ್ತಂತೆ. ನಂಗೆ ರಜೆ."

"ನಂಗಿಲ್ಲ. ಮೇ ತಿಂಗಳಲ್ಲಿ ನಮ್ಮಲ್ಲಿ ಒಂದು ಕೋಣೆಯೂ ಖಾಲಿ ಇರಲ್ಲ."

"ಗೊತ್ತು."

ಮುಂದಿನ ವರ್ಷ ಹೇಗಾದರೂ ಮಾಡಿ, ಎಂದು ಹೇಳಲು ಬಾಯಿ ತೆರೆದಿದ್ದೆ. ಅವಳು ನನ್ನತ್ತ ತಿರುಗಿ ಕಾಯುತ್ತಿದ್ದಳು. ಬಾಯಿ ಮುಚ್ಚಿದೆ. ಅವಳ ಕೂದಲಿಗೆ ಅಂಟಿದ್ದ ಹುಲ್ಲನ್ನು ಒಂದೊಂದಾಗಿ ತೆಗೆದೆ.

ಸೋಮವಾರ ಅವಳನ್ನು ರೈಲು ಹತ್ತಿಸಿದೆ. ಮರುವರ್ಷ ಮೇ ತಿಂಗಳಲ್ಲಿ ಅವಳು ಗೆಳತಿಯೊಬ್ಬಳ ಜೊತೆ ಹಾಲ್ಟರ್ ಸರೋವರಕ್ಕೆ ಹೋಗಿ, ಮುಳುಗಿ, ಬೆಂಚನ್ನು ಮುಟ್ಟಿದಳು. ನಾನು ಆ ದಿನ ಕೆಲಸದಲ್ಲಿದ್ದೆ. ಒಟ್ಟಿಗೆ ಮುಟ್ಟುತ್ತೇವೆ ಎಂದು ಕೊಟ್ಟಿದ್ದ ಮಾತನ್ನು ನಾನು ನಡೆಸಲಿಲ್ಲ.