ಅಂದಾನಪ್ಪನ ಬಾಟಲಿ

ಇಳಕಲ್ಲಿನ ಸೀರೆ ವ್ಯಾಪಾರಿ ಅಂದಾನಪ್ಪ ಮೊಬೈಲು ಮರೆತು ಹೊರಬಿದ್ದಾನು, ನೀರಿನ ಬಾಟಲಿ ಮರೆತವನಲ್ಲ. ಹಿಂದೊಮ್ಮೆ ಯಾರದೋ ಮದುವೆಯಲ್ಲಿ ನೀರು ಕುಡಿದು ಕಣ್ಣು ಮೈ ಹಳದಿಯಾಗುವ ಕಾಮಣಿ ರೋಗ ಹಿಡಿದು, ಬರೀ ಮಜ್ಜಿಗೆ ಅನ್ನ ಉಂಡು ಬದುಕಿ ಬಂದ ಮೇಲೆ ಹತ್ತಿದ ಚಟ ಅದು. ಹೆಂಡತಿ ಸಿದ್ದಲಿಂಗವ್ವ ದಿನಾ ಬೆಳಿಗ್ಗೆ ನೀರು ಕುದಿಸಿ, ಆರಿಸಿ, ಸೋಸಿ ಆ ಸ್ಟೀಲಿನ ಬಾಟಲಿ ತುಂಬಿಸಿಡಬೇಕು. ಬೀಗರ ಮನೆಗೂ ಬಾಟಲಿ, ಬಾದಾಮಿ ಬನಶಂಕರಿಗೂ ಬಾಟಲಿ. “ನಮ್ಮ ಮನಿಯವ್ರು ನನ್ನ ಬಿಟ್ಟ ಬಂದಾರು, ಬಾಟಲಿ ಬಿಟ್ಟ ಬರಂಗಿಲ್ರಿ” ಎಂದು ಆಕೆ ಓಣಿಯವರೊಂದಿಗೆ ನಗುತ್ತಿದ್ದಳು.

ಇಂಥವನು ಊರಿನ ಸೇವಾ ಕ್ಲಬ್ಬಿನ ಅಧ್ಯಕ್ಷನಾದಾಗ ಮೊದಲು ಕೈಗೆತ್ತಿಕೊಂಡದ್ದೂ ನೀರಿನ ಕೆಲಸವೇ. ಹುನಗುಂದ ತಾಲೂಕಿನ ತುಂಬಿಹಾಳ, ಬೀರಪ್ಪನ ಒಕ್ಕಲಿನ ಕುರಿಗಾರರೇ ಹೆಚ್ಚಿರುವ ಸಣ್ಣ ಊರು. ಸಾಲೆಯ ಮಕ್ಕಳಿಗೆ ಪಾಟಿಚೀಲ ಹಂಚಲು ಕ್ಲಬ್ಬಿನವರು ಅಲ್ಲಿಗೆ ಹೋಗಿದ್ದರು. ಚೀಲ ಸಿಕ್ಕ ಖುಷಿಗೆ ಮಕ್ಕಳು ನಕ್ಕರೆ ಹಲ್ಲಿನ ತುಂಬ ಕಂದು ಗೆರೆ. ಬೋರಿನ ನೀರಿನಲ್ಲಿ ಫ್ಲೋರೈಡು. ಕೆಲವರು ಕೈ ಅಡ್ಡ ಹಿಡಿದುಕೊಂಡೇ ನಕ್ಕರು. ಆ ಅಡ್ಡ ಹಿಡಿದ ಕೈ ಅಂದಾನಪ್ಪನ ಮನಸ್ಸಿನಿಂದ ಹೋಗಲಿಲ್ಲ. ಇಳಕಲ್ಲಿನಲ್ಲಿ ಮನೆ ಮನೆ ತಿರುಗಿ ಚಂದಾ ಪಟ್ಟಿ ಎತ್ತಿ, ಬೀರಪ್ಪನ ಗುಡಿಯ ಎದುರು ಶುದ್ಧ ನೀರಿನ ಘಟಕ ನಿಲ್ಲಿಸಿಯೇ ಬಿಟ್ಟ. ರಿಬ್ಬನ್ನು ಕತ್ತರಿಸಿದ್ದಾಯಿತು, ಶಾಲು ಹೊದಿಸಿದ್ದಾಯಿತು, ಭಾಷಣವೂ ಆಯಿತು.

ನೀರನ್ನು ಮಾತ್ರ ಯಾರೂ ಒಯ್ಯಲಿಲ್ಲ.

ಬ್ಯಾಸಿಗೆ ಬಂತು. ಔಷಧಿ ಅಂಗಡಿಯ ಚೇತನಕುಮಾರ ಕ್ಲಬ್ಬಿನ ಕಾರ್ಯದರ್ಶಿ. ಅವನಿಗೆ ತಾಳ್ಮೆ ಕಡಿಮೆ.

“ಅಂದಾನಪ್ಪಾರ, ಪುಕ್ಕಟೆ ಕೊಟ್ರೂ ಒಬ್ರೂ ಕೊಡಾ ಹಿಡಕೊಂಡ ಬರವಲ್ರು. ಮಷಿನ್ನು ತುಕ್ಕ ಹಿಡಿಯೂದ್ರೊಳಗ ಹುನಗುಂದದ ಹಾಸ್ಟೆಲ್ಲಿಗೆ ಸಾಗಿಸೂಣು. ಐತವಾರದ ಸಭಾದಾಗ ಠರಾವು ಮಾಡಿಬಿಡೂಣು.”

“ನಾ ಒಮ್ಮಿ ಹೋಗಿ ಕೇಳಿ ಬರ್ತೇನಿ, ತಡಿ.”

“ಏನ್ ಕೇಳ್ತೀರಿ? ನೀರ ಕುಡೀರಿ ಅಂತ ಕಾಲ ಬೀಳ್ತೀರೇನು?”

“ಬಿದ್ದರಾತು. ಆ ಹುಡುಗರ ಹಲ್ಲು ನೀ ನೋಡಿಲ್ಲೇನು?”

ಮರುದಿನ ತುಂಬಿಹಾಳದಲ್ಲಿ ಬಸ್ಸಿಳಿದಾಗ ಘಟಕದ ನಳದ ಕೆಳಗೆ ಒಂದು ಆಡು ಮಲಗಿತ್ತು. ಗುಡಿಯ ಪಕ್ಕದ ಮನೆ ಸತ್ಯವ್ವನದು. ಊರಿಗೆಲ್ಲ ಹಿರಿಯಳು, ಸೂಲಗಿತ್ತಿಯೂ ಹೌದು. ಕಟ್ಟೆಯ ಮೇಲೆ ಕೂತು ಉಣ್ಣೆ ಹಿಂಜುತ್ತಿದ್ದವಳು ಅವನನ್ನು ಕಂಡು ಎದ್ದಳು. ಕಂಬಳಿ ಹಾಸಿ, ಒಳಗೆ ಹೋಗಿ, ತಂಬಿಗೆಯಲ್ಲಿ ನೀರು ತಂದು ಮುಂದೆ ಹಿಡಿದಳು.

“ಬಿಸಲಾಗ ಬಂದೀರಿ. ತಗೋರಿ.”

“ಬ್ಯಾಡವ್ವಾ, ನಂದೈತಿ” ಎಂದು ಅಂದಾನಪ್ಪ ಅಂಗೈ ಅಡ್ಡ ಹಿಡಿದು, ಚೀಲದಿಂದ ಬಾಟಲಿ ತೆಗೆದ.

ಸತ್ಯವ್ವ ತಂಬಿಗೆಯನ್ನು ಕೆಳಗಿಟ್ಟಳು. ಎದುರು ಕಟ್ಟೆಯಲ್ಲಿ ಸೊಪ್ಪು ಸೋಸುತ್ತಿದ್ದ ನೆರೆಮನೆಯ ಮಲ್ಲಮ್ಮ ಕಿಸಕ್ಕನೆ ನಕ್ಕಳು.

“ಯಾಕವ್ವಾ, ಮಂದಿ ನೀರ ಒಯ್ಯವಲ್ರು? ರುಚಿ ಸೇರವಲ್ದೇನು?” ಎಂದು ಅಂದಾನಪ್ಪ ಕೇಳಿದ.

“ಕುಡದ್ರಲ್ಲೇನ್ರಿ ರುಚಿ ಗೊತ್ತಾಗೂದು” ಎಂದಳು ಸತ್ಯವ್ವ.

“ಹೇಳಿಬಿಡ ಬೇ” ಎಂದಳು ಮಲ್ಲಮ್ಮ. “ಸಾವಕಾರ್ರು ಅಷ್ಟ ದೂರದಿಂದ ಕೇಳಾಕ ಬಂದಾರ.”

ಸತ್ಯವ್ವ ಉಣ್ಣೆಯನ್ನು ಮಡಿಲಿಗೆ ಎಳೆದುಕೊಂಡಳು. “ನಮ್ಮೂರಾಗ ಹೊಸಾ ಬಾವಿ ತಗದ್ರ, ಮೊದಲನೇ ತಂಬಗಿ ತಗಸಿದಾವ್ರು ಕುಡೀಬೇಕು. ಆಮ್ಯಾಲ ಊರು ಕುಡೀತೈತಿ. ಇದು ನಮ್ಮಜ್ಜಿ ಕಾಲದಿಂದ ನಡಕೊಂಡ ಬಂದದ್ದು. ಅವತ್ತ ನೀವು ರಿಬ್ಬನ್ನು ಕತ್ತರಿಸಿದ ದಿನ ಹುಣಸಿಹಣ್ಣು ಹಚ್ಚಿ ಬೆಳಗಿದ ತಂಬಗಿಯೊಳಗ ನಾನಽ ಆ ನಳದ ನೀರ ತುಂಬ್ಕೊಂಡ ಬಂದು ನಿಮ್ಮ ಮುಂದ ಹಿಡದೆ. ನೀವು ಈಗ ಹಿಡದ್ರಲ್ಲ, ಹಿಂಗಽ ಕೈ ಅಡ್ಡ ಹಿಡದ್ರಿ. ಬಾಟಲಿ ತಗದ್ರಿ. ಊರೆಲ್ಲಾ ನೋಡ್ತು.”

“ಅದು ನನ್ನ ಹೊಟ್ಟಿ ಸಲುವಾಗಿ ಯವ್ವಾ. ಹಿಂದ ಕಾಮಣಿ ಆಗಿತ್ತು.”

“ಹೊಟ್ಟಿ ನಮಗ ಹೆಂಗ ಕಾಣಬೇಕ್ರಿ? ಕಾಣೂದು ಕೈ. ಕೊಟ್ಟಾವ್ರಽ ಕುಡೀಲಿಲ್ಲ, ನೀರಾಗ ಏನೋ ಐತಿ ಅಂದ್ರು ಅರ್ಧ ಮಂದಿ. ಉಳದಾವ್ರು, ‘ನೀರು ಛಲೋನಽ ಐತಿ, ನಮ್ಮ ಕೈಯಾಗಿಂದು ಅಂತ ಸಾವಕಾರ್ರು ಒಲ್ಲೆಂದ್ರು’ ಅಂದ್ರು.”

ಅಂದಾನಪ್ಪ ತನ್ನ ಅಂಗೈ ನೋಡಿಕೊಂಡ. ಅಂದು ಇದೇ ಗುಡಿಯ ಎದುರು ನಿಂತು, ಬಸವಣ್ಣನ ಹೆಸರು ಹೇಳಿ, ಎಲ್ಲರೂ ಒಂದೇ ಎಂದು ಉದ್ದನೆಯ ಭಾಷಣ ಬಿಗಿದವನು ತಾನೇ. ಭಾಷಣ ಮುಗಿಸಿ, ಬಾಯಾರಿ, ಈ ಕೈಯನ್ನು ಅಡ್ಡ ಹಿಡಿದಿದ್ದ.

“ನೀವೇನಂದ್ರಿ ಯವ್ವಾ?”

“ನಾ ತಂಬಗಿ ಹೊಳ್ಳಿ ತಂದೆ.”

ಅವನು ಬಾಟಲಿಯನ್ನು ಚೀಲಕ್ಕೆ ಸೇರಿಸಿದ. ಕೆಳಗಿದ್ದ ತಂಬಿಗೆಗೆ ಕೈ ಚಾಚಿದ. ಸತ್ಯವ್ವ ಅವನ ಮಣಿಕಟ್ಟು ಹಿಡಿದಳು.

“ಅದು ಹಳೇ ಬೋರಿಂದು. ಕುಡಿಯೂದಾದ್ರ ನಿಮ್ಮ ನಳದ್ದಽ ಕುಡೀರಿ.”

ತಂಬಿಗೆಯ ನೀರನ್ನು ನಳದ ಕೆಳಗಿನ ಆಡಿನ ಮೇಲೆ ಚೆಲ್ಲಿ, ಅದನ್ನು ಎಬ್ಬಿಸಿ, ಸತ್ಯವ್ವ ನಳ ತಿರುವಿದಳು. ಅಷ್ಟರಲ್ಲಿ ಓಣಿಯ ಹೆಂಗಸರೆಲ್ಲ ಬಾಗಿಲಿಗೆ ಬಂದಿದ್ದರು. ಅಂದಾನಪ್ಪ ತುಂಬಿದ ತಂಬಿಗೆಯನ್ನು ಎರಡೂ ಕೈಯಲ್ಲಿ ಇಸಕೊಂಡ. ಕಾಮಣಿಯ ದಿನಗಳು ನೆನಪಾದವು. ಕಣ್ಣು ಮುಚ್ಚಿ, ತುಟಿಗೆ ಹಚ್ಚಿ, ಗಟಗಟ ಕುಡಿದ. ತಂಬಿಗೆ ಬರಿದಾಯಿತು.

“ಸಪ್ಪಗ ಐತಿ” ಎಂದ.

ಹೆಂಗಸರು ನಕ್ಕರು. ಮಲ್ಲಮ್ಮ ಸುಮ್ಮನಿರಬೇಕಲ್ಲ. “ಈಗೇನೋ ಕುಡದ್ರು. ನಾಳಿ ಹೆಂಗಿರ್ತಾರ ನೋಡೂಣು. ಆಮ್ಯಾಲ ನಮ್ಮದು.”

“ನಾಳಿ ಬಂದು ತೋರಿಸ್ತೇನವ್ವಾ” ಎಂದ ಅಂದಾನಪ್ಪ.

ಮರುದಿನ ಚಪ್ಪಲಿ ಮೆಟ್ಟುವಾಗ ಸಿದ್ದಲಿಂಗವ್ವ ಬಾಟಲಿ ಹಿಡಿದು ಹಿಂದೆ ಬಂದಳು. “ಬಿಟ್ಟ ಹೊಂಟ್ರಲ್ಲ. ಆರಾಮ ಇದ್ದೀರಿಲ್ಲೋ?”

“ಆರಾಮ ಅದೇನಿ. ಅದನ್ನ ತೋರಿಸಾಕಽ ಹೊಂಟೇನಿ.”

ತುಂಬಿಹಾಳದಲ್ಲಿ ಸತ್ಯವ್ವ ಅವನ ಮುಖ ನೋಡುವ ಮೊದಲು ಕೈ ನೋಡಿದಳು. ಎರಡೂ ಖಾಲಿ ಇದ್ದವು.

“ಹೊಟ್ಟಿ ಹೆಂಗೈತ್ರಿ?”

“ಹಸದೈತವ್ವಾ.”

“ಕೂಡ್ರಿ ಹಂಗಾರ. ರೊಟ್ಟಿ ಅದಾವು, ಪುಂಡಿಪಲ್ಲೆ ಐತಿ. ನೀರ ಒಂದ ತರಬೇಕು” ಎಂದು ಕೊಡ ಎತ್ತಿಕೊಂಡು ಹೊರಟಳು. ಓಣಿಯ ತುದಿಯಿಂದ ಮಲ್ಲಮ್ಮ ಕೂಗಿದಳು: “ತಡಿ ಬೇ, ನಾನೂ ಬಂದೆ.”

ತಾಟಿನಲ್ಲಿ ರೊಟ್ಟಿ ಬೀಳುವ ಹೊತ್ತಿಗೆ ಚೇತನಕುಮಾರನ ಫೋನು ಬಂತು. “ಠರಾವು ಬರ್ಯಾಕ ಕುಂತೇನ್ರಿ. ಏನಂತ ಬರೀಲಿ?”

ಹೊರಗೆ ನಳದ ಹತ್ತಿರ ಕೊಡಗಳು ಒಂದಕ್ಕೊಂದು ತಾಗುತ್ತಿದ್ದವು. ಯಾರೋ ಯಾರನ್ನೋ ಸರಿ ಅತ್ತ ಎಂದು ಬೈಯುತ್ತಿದ್ದರು.

“ಉಣ್ಣಾಕ ಕುಂತೇನೋ” ಎಂದ ಅಂದಾನಪ್ಪ, ತಂಬಿಗೆಯನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತ. “ನೀ ಪೆನ್ನು ಕೆಳಗಿಡು.”