ಮ್ಯಾನೇಜರ್ ಪಾತಿಗೆ ಬೇರೆ ಕಾಲುವೆ

ಸೋದರಮಾವನ ಆಫೀಸಿನಲ್ಲಿ ಕೆಲಸ ಹಿಡಿಯುವುದೆಂದರೆ ಬಾಯಲ್ಲಿ ಬಿಸಿತುಪ್ಪ ಇಟ್ಟುಕೊಂಡಂತೆ, ಉಗುಳುವಂತಿಲ್ಲ, ನುಂಗುವಂತಿಲ್ಲ. ಆದರೂ ಅವಳು ರೌಟರ್, ಏಣಿ, ಒಂದು ಸುರುಳಿ ವಯರು ಹೊತ್ತು ಹಾಲು ಸಂಗ್ರಹ ಕೇಂದ್ರಕ್ಕೆ ಬಂದಿದ್ದಳು. ಇಲ್ಲಿನ ಕೆಲಸ ಒಪ್ಪಿಗೆಯಾದರೆ ಉಳಿದ ಆರು ಕೇಂದ್ರಗಳದ್ದೂ ಅವಳಿಗೇ. ಇಲ್ಲವಾದರೆ ಅಂಗಡಿಯಲ್ಲಿ ಕೂತು ಮೊಬೈಲಿಗೆ ಗಾಜು ಅಂಟಿಸುವುದು ಇದ್ದೇ ಇತ್ತು.

ಇಂಟರ್ನೆಟ್ಟಿಗೆ ಎರಡು ದಾರಿ: ನೆಲದಡಿ ಬಂದ ಹೊಸ ಫೈಬರ್, ಮಾಡಿನ ಮೇಲಿನ ಹಳೆಯ ಆಂಟೆನಾ.

“ಎರಡು ಕಾಲುವೆ, ಮೂರು ಪಾತಿ ಅಂದ್ಕೊಳ್ಳಿ ಮಾವ. ನಿಮ್ಮ ರೂಮು, ಗುಮಾಸ್ತರ ರೂಮು, ಹಾಲು ಪರೀಕ್ಷೆ ರೂಮು. ಈ ಪಾತಿಗಳಿಗೇ ಸಬ್‌ನೆಟ್ ಅನ್ನೋದು. ಒಂದು ಕಾಲುವೆ ಬತ್ತಿದ್ರೂ ಇನ್ನೊಂದ್ರಿಂದ ಮೂರಕ್ಕೂ ನೀರು.”

“ಆಫೀಸಲ್ಲಿ ಮಾವ ಅನ್ಬೇಡ,” ಎಂದರು ಮ್ಯಾನೇಜರ್ ಮಾವ. “ಹೊಸ ಲೈನು ನನಗೊಬ್ಬನಿಗೇ. ಹಳೇದು ಅವರಿಗೆಲ್ಲ.”

“ನಿಮ್ಮದು ಕೈಕೊಟ್ರೆ?”

“ಮ್ಯಾನೇಜರ್ ಲೈನು ಯಾಕಮ್ಮ ಕೈಕೊಡತ್ತೆ? ಕೊಟ್ರೂ ಅವರ ಎಂಜಲು ಲೈನು ನನಗೆ ಬೇಡ. ಬೇಕಾದ್ರೆ ಬರೆದು ಕೊಡ್ತೀನಿ.”

ಬರೆದೂ ಕೊಟ್ಟರು, ಮೊಹರು ಒತ್ತಿ. ಅವರ ದೂರದೃಷ್ಟಿ ಅಷ್ಟಕ್ಕೇ ನಿಲ್ಲಲಿಲ್ಲ. ಈ ವ್ಯವಸ್ಥೆಯನ್ನು ಯಾರೂ ತಿದ್ದಬಾರದೆಂದು ರೌಟರ್‌ನ ಪಾಸ್‌ವರ್ಡನ್ನು ತಾವೇ ಬದಲಿಸಿ, ಚೀಟಿಯಲ್ಲಿ ಬರೆದು, ಲಕೋಟೆಗೆ ಅರಗು ಹಾಕಿ, ಹಾಲಿನ ಟ್ಯಾಂಕರ್‌ನಲ್ಲಿ ಮುಖ್ಯ ಕಚೇರಿಗೆ ಕಳಿಸಿಬಿಟ್ಟರು. ಭದ್ರತೆ ಎಷ್ಟು ಗಟ್ಟಿಯಾಗಿತ್ತೆಂದರೆ ಸಂಜೆಯೊಳಗೆ ಪಾಸ್‌ವರ್ಡ್ ಅವರಿಗೂ ಮರೆತುಹೋಗಿತ್ತು.

ಮರುದಿನ ಹನ್ನೊಂದಕ್ಕೆ ಮುಖ್ಯ ಕಚೇರಿಯ ನಿರ್ದೇಶಕಿ ವಿಡಿಯೋದಲ್ಲಿ ಬಂದು ಕೆಲಸ ನೋಡಬೇಕಿತ್ತು. ಹತ್ತೂ ಮುಕ್ಕಾಲಿಗೆ ಪಕ್ಕದವರು ಬೇಲಿಗೆ ಗುಂಡಿ ತೋಡುತ್ತ ಫೈಬರನ್ನು ಮರದ ಬೇರು ಎಂದು ತಿಳಿದು ಒಂದೇ ಏಟಿಗೆ ಕಡಿದರು. ಗುಮಾಸ್ತರ ರೂಮಿಗೆ ಏನೂ ಆಗಲಿಲ್ಲ. ಪರೀಕ್ಷೆ ರೂಮಿನ ಯಂತ್ರ ಹಾಲಿನ ಕೊಬ್ಬಿನಂಶದ ಲೆಕ್ಕವನ್ನು ಸಲೀಸಾಗಿ ಮುಖ್ಯ ಕಚೇರಿಗೆ ಕಳಿಸುತ್ತಿತ್ತು. ಮಾವನ ಮೇಜಿನ ಮೇಲಿನ ಲ್ಯಾಪ್‌ಟಾಪಿನಲ್ಲಿ ಮಾತ್ರ ಒಂದು ಚಕ್ರ ಸುಮ್ಮನೆ ಸುತ್ತುತ್ತಿತ್ತು.

“ನನ್ನನ್ನೂ ಅವರ ಲೈನಿಗೆ ಹಾಕೇ, ಬೇಗ!”

“ಪಾಸ್‌ವರ್ಡ್ ಹೇಳಿ.”

ಮಾವ ಖಾಲಿ ಜೇಬು ತಡಕಿದರು. ಕರೆ ಬಾರದಿದ್ದರೆ ಕೆಟ್ಟದ್ದು ಯಾರ ಬುದ್ಧಿ ಎಂದು ಯಾರೂ ಕೇಳುವುದಿಲ್ಲ, ಯಾರ ರೌಟರ್ ಎಂದೇ ಕೇಳುತ್ತಾರೆ. ಅವಳು ಲ್ಯಾಪ್‌ಟಾಪ್ ಎತ್ತಿ ಕಂಕುಳಲ್ಲಿ ಇಟ್ಟುಕೊಂಡಳು.

“ನೀರು ಪಾತಿಗೆ ಬರಲ್ಲ. ಗಿಡಾನೇ ಪಾತಿ ಬದಲಾಯಿಸ್ಲಿ. ನಡೀರಿ.”

ಪರೀಕ್ಷೆ ರೂಮಿನಲ್ಲಿ ಹಾಲು ಕೊಡಲು ಸಾಲಿನಲ್ಲಿ ನಿಂತಿದ್ದ ಅಜ್ಜಿಯೊಬ್ಬಳು ಸೊಂಟದ ಮೇಲೆ ಕೈಯಿಟ್ಟಳು. “ಏನ್ ಮ್ಯಾನೇಜ್ರೇ, ದಾರಿ ತಪ್ತಾ? ಅಯ್ಯೋ, ಆ ಕ್ಯಾನ್ ಮೇಲೆ ಕೂರ್ಬೇಡಿ, ಮುಚ್ಚಳ ಸಡಿಲ!”

ಮಾವ ಬೆಂಚಿನ ತುದಿಗೆ, ಕ್ಯಾನುಗಳ ನಡುವೆ ಮುದುಡಿ ಕೂತರು. ಹನ್ನೊಂದಕ್ಕೆ ಸರಿಯಾಗಿ ನಿರ್ದೇಶಕಿಯ ಮುಖ ಮೂಡಿತು. ಅವರ ಕಣ್ಣು ಮಾವನನ್ನೂ ಹಿಂದಿನ ಸಾಲನ್ನೂ ನೋಡಿ ತುಂಬಿ ಬಂದಂತಾಯಿತು.

“ಹಾಲಿನವರ ಜೊತೆ ಕೂತು ಕೆಲಸ ಮಾಡೋ ಮ್ಯಾನೇಜರನ್ನ ಇವತ್ತೇ ನೋಡಿದ್ದು! ಆರೂ ಕೇಂದ್ರದಲ್ಲಿ ಇದೇ ಏರ್ಪಾಡಾಗ್ಲಿ. ನೆಟ್‌ವರ್ಕ್ ಮಾಡಿದ್ದು ಯಾರು?”

“ನಮ್ಮಕ್ಕನ ಮಗಳು ಮೇಡಂ. ಯೋಚನೆ ಮಾತ್ರ ನಂದು,” ಎಂದರು ಮಾವ, ಕಣ್ಣು ಮಿಟುಕಿಸದೆ.

“ಅವರಿಗೇ ಆರೂ ಕೊಟ್ಟುಬಿಡಿ. ನಿಮ್ಮನ್ನ ಇನ್ನು ದಿನಾ ಹನ್ನೊಂದಕ್ಕೆ ಇದೇ ಬೆಂಚಲ್ಲಿ ನೋಡ್ತೀನಿ.”

ಪರದೆ ಕಪ್ಪಾಯಿತು. ಅವಳು ಒಪ್ಪಿಗೆ ಪತ್ರ ಮುಂದೆ ಚಾಚಿದಳು. ಮಾವ ಸಹಿ ಗೀಚಿ, ಸೊಂಟ ನೀವಿಕೊಂಡರು.

“ನಿಮ್ಮಮ್ಮನ ಹತ್ರ ಹಳೇ ದಿಂಬು ಒಂದಿದ್ರೆ ನಾಳೆ ತಗೊಂಬಾ.”